ಮಲೆನಾಡಿನ ಮಳೆಯಲ್ಲಿ ಹ್ಯಾಮಾಕ್: ಮೊದಲು ಟಾರ್ಪ್ ನೋಡಿ

ನಮಸ್ಕಾರ. ಹ್ಯಾಮಾಕ್ ಅಂದರೆ ಎರಡು ಮರಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ತೂಗುಹಾಸಿಗೆ, ಟಾರ್ಪ್ ಅಂದರೆ ಮಳೆ ತಡೆಯಲು ಅದರ ಮೇಲೆ ಮಾಡಿನ ಹಾಗೆ ಕಟ್ಟುವ ಹೊದಿಕೆ. "ಹ್ಯಾಮಾಕ್ ತಗೋಬೇಕು, ಯಾವುದು ಒಳ್ಳೆಯದು?" ಅಂತ ಸ್ನೇಹಿತರು ಕೇಳಿದಾಗ ನಾನು ತಿರುಗಿ ಕೇಳುವುದು ಒಂದೇ. ಟಾರ್ಪ್ ಯಾವುದು? ಹೆಚ್ಚಿನವರು ಅದರ ಬಗ್ಗೆ ಯೋಚನೆ ಮಾಡಿರುವುದಿಲ್ಲ. ಹ್ಯಾಮಾಕ್ ಜೊತೆ ಒಂದು ಬರುತ್ತದಲ್ವಾ ಅನ್ನುತ್ತಾರೆ. ಜೊತೆಗೆ ಬರುವ ಆ ಚಿಕ್ಕ ಟಾರ್ಪ್ ಮಲೆನಾಡಿನ ಮಳೆಗೆ ಸಾಲುವುದಿಲ್ಲ. ದುಡ್ಡು ಸ್ವಲ್ಪವೇ ಇದ್ದರೆ ಅದನ್ನು ಟಾರ್ಪ್‌ಗೆ ಹಾಕಿ. ಹ್ಯಾಮಾಕ್ ಸಾಧಾರಣದ್ದಾದರೂ ನಡೆಯುತ್ತದೆ.

ಈಗ ನೀವು ನೋಡುತ್ತಿರುವುದು ಕೊಪ್ಪದ ಹತ್ತಿರ ನಮ್ಮ ದೊಡ್ಡಪ್ಪನ ಕಾಫಿ ತೋಟ. ಸೆಪ್ಟೆಂಬರ್ ಕೊನೆ. ಮಳೆಗಾಲದ ಜೋರು ಇಳಿದಿದೆ, ಆದರೆ ಮಳೆ ಪೂರ್ತಿ ಬಿಟ್ಟಿಲ್ಲ. ಮಧ್ಯಾಹ್ನದವರೆಗೆ ಬಿಸಿಲು, ಸಂಜೆಗೆ ಮೋಡ, ರಾತ್ರಿ ಯಾವಾಗ ಬೇಕಾದರೂ ಸುರಿಯಬಹುದು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಇಲ್ಲಿಂದ ಬಹಳ ದೂರ ಇಲ್ಲ. ನೆಲ ಒದ್ದೆ, ಜಾಗ ಇಳಿಜಾರು, ಎಲೆ ಎಲೆಗೂ ಇಂಬಳ. ಇಂಥ ಕಡೆ ಟೆಂಟ್ ಹಾಕುವುದಕ್ಕಿಂತ ಹ್ಯಾಮಾಕ್ ಎಷ್ಟೋ ವಾಸಿ. ಮಟ್ಟಸವಾದ ಜಾಗ ಹುಡುಕುವ ಕೆಲಸವೇ ಇಲ್ಲ.

ತೋಟ ಯಾಕೆ, ಕಾಡಿನೊಳಗೇ ಕಟ್ಟಬಹುದಲ್ವಾ ಅಂತ ಕೆಲವರಿಗೆ ಅನಿಸಬಹುದು. ಬೇಡ. ಮೀಸಲು ಅರಣ್ಯದಲ್ಲಿ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಗೊತ್ತಿರುವವರ ತೋಟ, ಇಲ್ಲವೇ ಕ್ಯಾಂಪಿಂಗ್‌ಗೆ ಜಾಗ ಕೊಡುವ ಎಸ್ಟೇಟ್ ನೋಡಿಕೊಳ್ಳಿ. ಸಕಲೇಶಪುರ, ಕೊಡಗಿನ ಕಡೆ ಹೋಗುವವರು ಇನ್ನೊಂದು ಮಾತು ಕೇಳಲೇಬೇಕು: ಆನೆ ಯಾವ ಕಡೆಯಿಂದ ಓಡಾಡುತ್ತದೆ? ಅಲ್ಲಿ ಆನೆಗಳು ರಾತ್ರಿ ಕಾಫಿ ತೋಟದ ಒಳಗೇ ನಡೆಯುತ್ತವೆ. ತೋಟದವರು ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ, ವಾದ ಮಾಡಬೇಡಿ.

ಸರಿ, ಟಾರ್ಪ್‌ಗೆ ಬರೋಣ.

ಇಂಟರ್ನೆಟ್‌ನಲ್ಲಿ ಎಲ್ಲರೂ ಮೊದಲು ತೋರಿಸುವುದು 3 ಮೀಟರ್‌ಗೆ 3 ಮೀಟರ್ ಚೌಕ. ಸ್ವಲ್ಪ ಲೆಕ್ಕ ಹಾಕೋಣ. ದೊಡ್ಡವರು ಆರಾಮಾಗಿ ಮಲಗಲು 11 ಅಡಿ ಉದ್ದದ ಹ್ಯಾಮಾಕ್ ಬೇಕು. ಅದನ್ನು ಕಟ್ಟಿದಾಗ ತುದಿಯಿಂದ ತುದಿಗೆ ಸುಮಾರು 9 ಅಡಿ ಆಗುತ್ತದೆ. 3 ಮೀಟರ್ ಅಂದರೆ ಹತ್ತಿರ ಹತ್ತಿರ 10 ಅಡಿ. ಎರಡೂ ಕಡೆ ಉಳಿಯುವುದು ಅರ್ಧ ಅಡಿಗಿಂತ ಕಡಿಮೆ. ಮಳೆ ನೆಟ್ಟಗೆ ಬಿದ್ದರೆ ಪರವಾಗಿಲ್ಲ. ಆದರೆ ಇಲ್ಲಿ ಗಾಳಿ ಬಂದರೆ ಎರಚಲು ಹೊಡೆಯುತ್ತದೆ. ತಲೆ ಕಡೆ, ಕಾಲು ಕಡೆ ಎರಡೂ ಒದ್ದೆ.

ಅದೇ ಚೌಕವನ್ನು ಮೂಲೆಯಿಂದ ಮೂಲೆಗೆ ಕಟ್ಟಿದರೆ 4.24 ಮೀಟರ್ ಉದ್ದ ಸಿಗುತ್ತದೆ. ಉದ್ದದ ಸಮಸ್ಯೆ ಮುಗಿಯಿತು. ಆದರೆ ಈಗ ಪಕ್ಕದಲ್ಲಿ ಬಟ್ಟೆ ತ್ರಿಕೋನವಾಗಿ ಕಿರಿದಾಗುತ್ತಾ ಹೋಗುತ್ತದೆ. ನಡುವೆ ಮಾತ್ರ ರಕ್ಷಣೆ, ಹೆಗಲ ಹತ್ತಿರ ತೆರೆದಿರುತ್ತದೆ. ಬೇಸಿಗೆಯ ಒಂದೆರಡು ಹನಿಗೆ ಅದು ಸಾಕು, ಈ ಮಳೆಗೆ ಸಾಲದು.

ನಾನು ಹೇಳುವುದು ಆಯತಾಕಾರದ ಟಾರ್ಪ್. ನಡುವಿನ ಉದ್ದ 3.5ರಿಂದ 4 ಮೀಟರ್, ಅಗಲ 3 ಮೀಟರ್. ನಾಲ್ಕು ಮೂಲೆ ಬಿಟ್ಟು ಅಂಚಿನ ಮಧ್ಯದಲ್ಲೂ ಕಟ್ಟಲು ಕುಣಿಕೆ ಇರಬೇಕು. ಈ ಅಳತೆ ಯಾಕೆ ಅಂದರೆ, ಮಳೆ ಜೋರಾದಾಗ ಎರಡೂ ತುದಿಯ ಬಟ್ಟೆಯನ್ನು ಒಳಕ್ಕೆ ಮಡಚಿ ಬಾಗಿಲಿನ ಹಾಗೆ ಮುಚ್ಚಬಹುದು. ಈಗ ಮಾಡುತ್ತಿದ್ದೇನೆ ನೋಡಿ. ಎಡ ಮೂಲೆ ಒಳಕ್ಕೆ, ಬಲ ಮೂಲೆ ಅದರ ಮೇಲೆ, ಎರಡಕ್ಕೂ ಒಂದೇ ಗೂಟ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆ ಮುಚ್ಚಿ, ಇನ್ನೊಂದು ಕಡೆ ಉಸಿರಾಟಕ್ಕೆ ತೆರೆದಿಡಿ. ಎರಡೂ ಮುಚ್ಚಿದರೆ ಬೆಳಿಗ್ಗೆ ಒಳಗಡೆಯೇ ಇಬ್ಬನಿ ಹನಿ ಕಟ್ಟಿರುತ್ತದೆ.

ಬಟ್ಟೆ ಯಾವುದು? ಹಗುರ ಟಾರ್ಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸಿಲಿಕೋನ್ ಲೇಪನದ ನೈಲಾನ್, ಇಲ್ಲವೇ ಪಾಲಿಯೆಸ್ಟರ್. ನೈಲಾನ್ ಗಟ್ಟಿ. ಆದರೆ ನೀರು ಕುಡಿದರೆ ಹಿಗ್ಗುತ್ತದೆ. ಸಂಜೆ ತಂತಿ ಹಾಗೆ ಬಿಗಿದು ಕಟ್ಟಿರುತ್ತೀರಿ, ಮಧ್ಯರಾತ್ರಿ ನೋಡಿದರೆ ಜೋತು ಬಿದ್ದಿರುತ್ತದೆ, ಅದರಲ್ಲಿ ನೀರು ನಿಂತಿರುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಒಣ ಊರಿನಲ್ಲಿ ಎರಡೂ ಒಂದೇ ಅನ್ನಬಹುದು. ಮಲೆನಾಡಿಗಾದರೆ ನನ್ನ ಮತ ಪಾಲಿಯೆಸ್ಟರ್‌ಗೆ. ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. 2000, 3000 ಅಂತ ಇದ್ದರೆ ಧಾರಾಳ ಸಾಕು.

ಈಗಲೇ ಅಷ್ಟು ದುಡ್ಡು ಹಾಕಲು ಆಗುವುದಿಲ್ಲ ಅನ್ನುವವರಿಗೆ ಹಾರ್ಡ್‌ವೇರ್ ಅಂಗಡಿಯ ನೀಲಿ ಟಾರ್ಪಾಲು ಇದೆ. ಯಾವ ಸಂಕೋಚವೂ ಬೇಡ, ಅಡಿಕೆ ಒಣಗಿಸುವ ಅಂಗಳದಿಂದ ಹಿಡಿದು ಎಲ್ಲ ಕಡೆ ಅದೇ ಇರುವುದು. 12ಕ್ಕೆ 10 ಅಡಿಯದ್ದು, 120 ಜಿಎಸ್‌ಎಂ (ಅಂದರೆ ಚದರ ಮೀಟರ್‌ಗೆ 120 ಗ್ರಾಂ) ತಗೊಂಡರೆ ತೂಕ ಸುಮಾರು 1.3 ಕೆಜಿ. ಹಗುರ ಟಾರ್ಪ್ ಅದರ ಅರ್ಧದಷ್ಟೂ ಇರುವುದಿಲ್ಲ. ಕಾರಿನಲ್ಲಿ ತೋಟದವರೆಗೆ ಹೋಗುವವರಿಗೆ ಈ ತೂಕ ದೊಡ್ಡದಲ್ಲ. ಸದ್ದು ಮಾತ್ರ ಜಾಸ್ತಿ.

ಕಟ್ಟುವಾಗ ಒಂದು ಎಚ್ಚರ. ಟಾರ್ಪ್‌ನ ನಡುವಿನ ಹಗ್ಗವನ್ನು ನೇರವಾಗಿ ಮರಕ್ಕೇ ಕಟ್ಟಿ, ಹ್ಯಾಮಾಕ್ ಅನ್ನು ಮರಕ್ಕೆ ಬಿಗಿಯುವ ಪಟ್ಟಿಗೆ ಅಲ್ಲ. ಪಟ್ಟಿಗೆ ಕಟ್ಟಿದರೆ ನೀವು ಮಲಗಿದ ಕೂಡಲೇ ಮಾಡು ಕೆಳಗೆ ಜಗ್ಗುತ್ತದೆ. ಇಳಿಜಾರು ಚೆನ್ನಾಗಿ ಇರಲಿ. ಮಲೆನಾಡಿನ ಹೆಂಚಿನ ಮನೆಗಳ ಮಾಡು ಯಾಕೆ ಅಷ್ಟು ಇಳಿಜಾರು ಅಂತ ನಿಮಗೆ ಗೊತ್ತೇ ಇದೆ. ಮಣ್ಣು ಮೆತ್ತಗಿರುವುದರಿಂದ ಟಾರ್ಪ್ ಜೊತೆ ಬರುವ ಚಿಕ್ಕ ಪೆಗ್ ನಿಲ್ಲುವುದಿಲ್ಲ. ದೊಡ್ಡಪ್ಪ ಬಿದಿರು ಸೀಳಿ ಒಂದೂವರೆ ಅಡಿ ಗೂಟ ಮಾಡಿಕೊಟ್ಟರು, ಅಲುಗಾಡಲಿಲ್ಲ. ಗೂಟಕ್ಕೂ ಹಗ್ಗಕ್ಕೂ ನಡುವೆ ಹಳೇ ಸೈಕಲ್ ಟ್ಯೂಬಿನ ಒಂದು ಬಳೆ ಹಾಕಿ. ಗಾಳಿ ಎಳೆದಾಗ ಅದು ಹಿಗ್ಗುತ್ತದೆ, ಟಾರ್ಪ್ ಹರಿಯುವುದಿಲ್ಲ.

ಈಗ ಕ್ಯಾಮೆರಾ ಹತ್ತಿರ ತಂದಿದ್ದೇನೆ. ಮರದ ಕಾಂಡದ ಮೇಲೆ ನೀರು ಇಳಿಯುತ್ತಿದೆ, ಕಾಣುತ್ತಿದೆಯಲ್ಲ? ಅದು ಹ್ಯಾಮಾಕ್ ಪಟ್ಟಿಯನ್ನು ಮುಟ್ಟುತ್ತದೆ. ಪಟ್ಟಿ ಹಿಡಿದು ಒಳಕ್ಕೆ ಬರುತ್ತದೆ. ಮೇಲೆ ಎಷ್ಟೇ ದೊಡ್ಡ ಟಾರ್ಪ್ ಇದ್ದರೂ ಈ ದಾರಿಯಲ್ಲಿ ನೀರು ನಿಮ್ಮ ಬೆನ್ನಿನ ಅಡಿಗೆ ತಲುಪುತ್ತದೆ. ಇದಕ್ಕೆ ಬೇಕಾಗಿರುವುದು ಒಂದು ಗೇಣು ಹತ್ತಿ ದಾರ. ಟಾರ್ಪ್‌ನ ನೆರಳಿನ ಒಳಗೆ, ಹ್ಯಾಮಾಕ್ ಬಟ್ಟೆಗೆ ಮೊದಲು, ಪಟ್ಟಿಗೆ ಬಿಗಿಯಾಗಿ ಸುತ್ತಿ ತುದಿಯನ್ನು ಕೆಳಗೆ ಇಳಿಬಿಡಿ. ನೋಡಿ, ಹನಿ ಬಂತು. ದಾರದ ಹತ್ತಿರ ನಿಂತಿತು. ದಪ್ಪ ಆಯಿತು. ದಾರ ಹಿಡಿದು ಇಳಿದು ನೆಲಕ್ಕೆ ಬಿತ್ತು. ಎರಡೂ ತುದಿಗೆ ಒಂದೊಂದು ಕಟ್ಟಿ.

ಇನ್ನು ಹ್ಯಾಮಾಕ್. 9 ಅಡಿಯದ್ದು ಅಗ್ಗಕ್ಕೆ ಸಿಗುತ್ತದೆ. ಮಧ್ಯಾಹ್ನ ಸುಮ್ನೆ ಒರಗಲು ಚೆನ್ನಾಗಿದೆ, ರಾತ್ರಿಯಿಡೀ ಮಲಗಲು ಅಲ್ಲ. 11 ಅಡಿಯದ್ದರಲ್ಲಿ ನೀವು ನೇರವಾಗಿ ಅಲ್ಲದೆ ಓರೆಯಾಗಿ ಮಲಗಬಹುದು. ತಲೆ ಸ್ವಲ್ಪ ಎಡಕ್ಕೆ, ಕಾಲು ಸ್ವಲ್ಪ ಬಲಕ್ಕೆ. ಆಗ ಬೆನ್ನು ಹೆಚ್ಚುಕಡಿಮೆ ಚಪ್ಪಟೆ ಆಗುತ್ತದೆ. ಮಗ್ಗುಲಾಗಿ ಮಲಗಲೂ ಆಗುತ್ತದೆ.

ಬಿಗಿಯಾಗಿ ಎಳೆದು ಕಟ್ಟಿದರೆ ಚಪ್ಪಟೆ ಆಗುತ್ತದೆ ಅನ್ನುವುದು ತಪ್ಪು ಕಲ್ಪನೆ, ಅಪಾಯ ಕೂಡ. ಮರದಿಂದ ಪಟ್ಟಿ ಅಡ್ಡ ಗೆರೆಗೆ 30 ಡಿಗ್ರಿ ಕೋನದಲ್ಲಿ ಇಳಿಯಬೇಕು. ನಿಮ್ಮ ತೂಕ 70 ಕೆಜಿ ಅಂದುಕೊಳ್ಳಿ. 30 ಡಿಗ್ರಿಯಲ್ಲಿ ಒಂದೊಂದು ಪಟ್ಟಿಯ ಮೇಲೂ 70 ಕೆಜಿಯ ಎಳೆತ. 10 ಡಿಗ್ರಿಗೆ ಬಿಗಿದರೆ ಅದೇ ಎಳೆತ 200 ಕೆಜಿ ದಾಟುತ್ತದೆ. 5 ಡಿಗ್ರಿ ಅಂದರೆ 400. ಹಗ್ಗ, ಕೊಕ್ಕೆ, ಮರ ಎಲ್ಲಕ್ಕೂ ಅದು ಕಷ್ಟ. ಕೋನ ಅಳೆಯಲು ಹೆಬ್ಬೆರಳು ಮೇಲೆತ್ತಿ, ತೋರುಬೆರಳು ಮುಂದೆ ಚಾಚಿ. ಎರಡರ ತುದಿ ಸೇರಿಸುವ ಗೆರೆ ಸುಮಾರು 30 ಡಿಗ್ರಿ. ಮರಗಳ ನಡುವೆ 12ರಿಂದ 15 ಅಡಿ ಅಂತರ, ಪಟ್ಟಿ ತಲೆಯ ಎತ್ತರಕ್ಕೆ, ಕೂತಾಗ ಕುರ್ಚಿಯಷ್ಟು ಎತ್ತರ.

ಮರ ಆರಿಸುವ ಕೆಲಸವನ್ನು ದೊಡ್ಡಪ್ಪನಿಗೇ ಬಿಟ್ಟಿದ್ದೆ. ನಾನು ಒಂದು ದಪ್ಪ ಮರ ತೋರಿಸಿದೆ. "ಅದು ಬೇಡ ಮಾರಾಯ, ಮೇಲೆ ನೋಡು" ಅಂದರು. ಮೇಲೆ ಒಂದು ಒಣಗಿದ ಕೊಂಬೆ. ಹಾಲುವಾಣವೂ ಬೇಡ ಅಂದರು. ಅದು ಮೆತ್ತನೆ ಮರ, ಮೈಯೆಲ್ಲ ಮುಳ್ಳು. ಅಡಿಕೆ ಮರ ತೆಳ್ಳಗೆ, ಬಾಗುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮುಟ್ಟಲೇಬಾರದು, ಅದು ಅವರ ಬೆಳೆ. ಹೊಳಗೇರು ಇದ್ದರೆ ದೂರ ಇರಿ, ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಕೊನೆಗೆ ಸಿಕ್ಕಿದ್ದು ಬಳ್ಳಿ ಇಲ್ಲದ ಒಂದು ಸಿಲ್ವರ್ ಓಕ್ ಮತ್ತು ಒಂದು ಹಲಸು. ಪಟ್ಟಿ ಕನಿಷ್ಠ ಒಂದು ಇಂಚು ಅಗಲ ಇರಲಿ, ಸಣ್ಣ ಹಗ್ಗ ತೊಗಟೆಯನ್ನು ಕೊಯ್ಯುತ್ತದೆ. ಗುಡುಗು ಮಿಂಚು ಶುರುವಾದರೆ ಎಲ್ಲ ಬಿಟ್ಟು ಮನೆ ಒಳಗೆ ಹೋಗಿ.

ಚಳಿ ಕೆಳಗಿನಿಂದ ಬರುತ್ತದೆ, ಇದನ್ನು ತುಂಬಾ ಜನ ನಂಬುವುದಿಲ್ಲ. ಮಲಗಿದಾಗ ಸ್ಲೀಪಿಂಗ್ ಬ್ಯಾಗ್ ಬೆನ್ನಿನ ಅಡಿ ಒತ್ತಿ ಹೋಗುತ್ತದೆ, ಅದರೊಳಗಿನ ಗಾಳಿ ಖಾಲಿ. 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಂದರೆ ಬೆನ್ನಿಗೆ ಗೊತ್ತಾಗುತ್ತದೆ. ಹ್ಯಾಮಾಕ್‌ನ ಹೊರಗೆ, ಅಡಿಯಲ್ಲಿ ತೂಗುಹಾಕುವ ಅಂಡರ್‌ಕ್ವಿಲ್ಟ್ ಇದಕ್ಕೆ ಸರಿಯಾದ ಪರಿಹಾರ, ಆದರೆ ದುಬಾರಿ. ನಾನು ಕಟ್ಟಿರುವುದು ಕುರಿ ಉಣ್ಣೆಯ ಕಂಬಳಿ. ನಾಲ್ಕು ಮೂಲೆಗೆ ದಾರ ಕಟ್ಟಿ, ಬೆನ್ನಿಗೆ ತಾಗುವ ಹಾಗೆ, ಆದರೆ ಒತ್ತದ ಹಾಗೆ ತೂಗುಹಾಕಿದ್ದೇನೆ. ಭಾರ ಇದೆ, ಒಪ್ಪುತ್ತೇನೆ. ಬೆಚ್ಚಗಿದೆ. ಬಟ್ಟೆಯ ಮೂಲಕ ಬೆನ್ನಿಗೆ ಸೊಳ್ಳೆ ಕಚ್ಚುವುದೂ ಇದರಿಂದ ತಪ್ಪಿತು. ಮೇಲ್ಗಡೆಗೆ ಮಾತ್ರ ಸೊಳ್ಳೆ ಪರದೆ ಇರುವ ಹ್ಯಾಮಾಕ್ ಬೇಕೇ ಬೇಕು.

ಶೂ ನೆಲದ ಮೇಲೆ ಬಿಡಬೇಡಿ, ಪಟ್ಟಿಗೆ ತೂಗುಹಾಕಿ, ಬೆಳಿಗ್ಗೆ ಒಳಗೆ ಇಂಬಳ ಇರುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಈ ಕಡೆ ಬರುವವರು ದಯವಿಟ್ಟು ಮಂಗನ ಕಾಯಿಲೆ ಬಗ್ಗೆ ವಿಚಾರಿಸಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು, ಉಣುಗಿನಿಂದ ಹರಡುತ್ತದೆ. ಹ್ಯಾಮಾಕ್‌ನಲ್ಲಿ ನೆಲದಿಂದ ಮೇಲೆ ಮಲಗಿದ ಮಾತ್ರಕ್ಕೆ ಬಚಾವಾಗುವುದಿಲ್ಲ. ತರಗೆಲೆ ಮೇಲೆ ಓಡಾಡುವಾಗಲೇ ಉಣುಗು ಹತ್ತಿಬಿಡುತ್ತದೆ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ.

ಬಿಚ್ಚುವಾಗ ಹ್ಯಾಮಾಕ್ ಮೊದಲು, ಟಾರ್ಪ್ ಕೊನೆಗೆ. ಒದ್ದೆ ಟಾರ್ಪ್‌ಗೆ ಬೇರೆ ಚೀಲ ಇಡಿ. ಊರು ತಲುಪಿದ ದಿನವೇ ಬಾಲ್ಕನಿಯಲ್ಲೋ ತಾರಸಿಯಲ್ಲೋ ನೆರಳಿನಲ್ಲಿ ಹರಡಿ. ಹಾಗೇ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ, ಪಾಲಿಯುರಿಥೇನ್ ಲೇಪನ ಇದ್ದರೆ ಅದು ಅಂಟಂಟಾಗಿ ಕಿತ್ತು ಬರುತ್ತದೆ. ಪಟ್ಟಿ, ಹಗ್ಗ, ಆ ಹತ್ತಿ ದಾರ ಎಲ್ಲವನ್ನೂ ಒಣಗಿಸಿ, ಆಮೇಲೆ ಚೀಲಕ್ಕೆ ಹಾಕಿ.