ಗೇಟು ತೆಗೆಯುವ ಹೊತ್ತಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಎಲ್ಲಿಗೋ ಹೊರಟಿರುತ್ತೀರಿ. ದಾರಿಗೆ ಹತ್ತಿರದಲ್ಲೇ ಒಂದು ಪುರಾತನ ನಗರದ ಅವಶೇಷ ಇದೆ ಅಂತ ಗೊತ್ತಾಗುತ್ತದೆ. ‘ಹೇಗೂ ಇಷ್ಟು ದೂರ ಬಂದಿದ್ದೇವೆ, ಹಾಗೇ ಒಂದು ಸುತ್ತು ನೋಡಿಕೊಂಡು ಹೋಗೋಣ’ ಅನ್ನುತ್ತೀರಿ. ಈ ‘ಹಾಗೇ ಒಂದು ಸುತ್ತು’ ಇದೆಯಲ್ಲ, ಎಡವಟ್ಟು ಶುರುವಾಗುವುದೇ ಅಲ್ಲಿ. ಹಾಗೇ ಅಂದವರು ತಿಂಡಿ ಮುಗಿಸಿ, ರೂಮು ಖಾಲಿ ಮಾಡಿ, ಸಾಮಾನೆಲ್ಲ ಗಾಡಿಗೆ ತುಂಬಿ, 11.30ಕ್ಕೆ ಅಲ್ಲಿ ಇಳಿಯುತ್ತಾರೆ. 12ಕ್ಕೆ ಮಗು ರಚ್ಚೆ ಹಿಡಿಯುತ್ತದೆ. 12.30ಕ್ಕೆ ಅಜ್ಜಿಗೆ ತಲೆಸುತ್ತು. 1 ಗಂಟೆಗೆ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ. ಕೊನೆಗೆ ‘ಬರೀ ಕಲ್ಲು, ನೋಡೋಕೆ ಏನೂ ಇಲ್ಲ’ ಅಂತ ಪಾಪದ ಕಲ್ಲಿನ ಮೇಲೆ ತಪ್ಪು ಹೊರಿಸಿ ಹೊರಡುತ್ತಾರೆ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ಗೇಟು ತೆಗೆಯುವ ಹೊತ್ತಿಗೆ ನೀವು ಗೇಟಿನ ಮುಂದೆ ನಿಂತಿರಬೇಕು. ಮಿಕ್ಕದ್ದೆಲ್ಲ ಇದಕ್ಕೆ ಉಪಕಥೆ.

ಯಾಕೆ ಅಂತ ಕೇಳಿ. ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ 12ರ ಆಸುಪಾಸಿನಲ್ಲಾದರೂ ಗಾಳಿಯ ಬಿಸಿ ತುದಿ ಮುಟ್ಟುವುದು ಸುಮಾರು 2ರಿಂದ 4 ಗಂಟೆಯೊಳಗೆ. ಕಲ್ಲಿನದು ಇನ್ನೂ ನಿಧಾನದ ಲೆಕ್ಕ. ದಪ್ಪ ಕಲ್ಲಿನ ಗೋಡೆ ಹಗಲೆಲ್ಲ ಕಾವು ಕುಡಿದು, ಹೊತ್ತು ಮುಳುಗಿದ ಮೇಲೂ ಅದನ್ನು ಹೊರಗೆ ಕಾರುತ್ತಲೇ ಇರುತ್ತದೆ. ರಾತ್ರಿಯಿಡೀ ಆರಿ, ಅದು ತಣ್ಣಗಿರುವುದು ಬೆಳಗಿನ ಜಾವಕ್ಕೆ. ‘ಹಾಗಾದರೆ ಸಂಜೆ ಹೋಗುತ್ತೇವೆ’ ಅನ್ನುವವರು ಇದ್ದಾರೆ. ಸಂಜೆ 5ಕ್ಕೆ ಆ ಗೋಡೆಗೆ ಕೈ ಇಟ್ಟು ನೋಡಿ, ಉತ್ತರ ಸಿಗುತ್ತದೆ. ಮೇಲಾಗಿ ಬಹಳ ಕಡೆ ಮುಚ್ಚುವ ಹೊತ್ತಿಗೆ ಸಾಕಷ್ಟು ಮೊದಲೇ ಟಿಕೆಟ್ ನಿಲ್ಲಿಸಿಬಿಡುತ್ತಾರೆ. ಕಾವಲುಗಾರರ ಸೀಟಿ ಕೇಳುತ್ತಾ ಓಡಾಡಿದರೆ ಏನು ನೋಡಿದಂತಾಯಿತು?

ಎರಡನೆಯ ಕಾರಣ ಬೆಳಕು. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಇದೇ ಮುಖ್ಯ. ಸಾವಿರ ವರ್ಷ ಮಳೆ ಗಾಳಿಗೆ ಸವೆದ ಶಾಸನದ ಅಕ್ಷರ ಕೆಲವೊಮ್ಮೆ ಒಂದೆರಡು ಮಿಲಿಮೀಟರ್ ಆಳವೂ ಉಳಿದಿರುವುದಿಲ್ಲ. ನಡುಮಧ್ಯಾಹ್ನ ಎದುರಿಗೆ ನಿಂತರೆ ಬೋಳು ಕಲ್ಲು ಕಾಣುತ್ತದೆ. ಬೆಳಿಗ್ಗೆ ಓರೆ ಬಿಸಿಲು ಬಿದ್ದಾಗ ನೋಡಿ: ಒಂದೊಂದು ಅಕ್ಷರದ ಅಂಚಿಗೂ ದಾರದಷ್ಟು ನೆರಳು ಬೀಳುತ್ತದೆ, ಸಾಲಿಗೆ ಸಾಲೇ ಎದ್ದು ಬರುತ್ತದೆ. ಶಾಸನ ಓದುವವರು ಟಾರ್ಚನ್ನು ಎದುರಿಗೆ ಹಿಡಿಯುವುದಿಲ್ಲ, ಕಲ್ಲಿಗೆ ಒರಗಿಸಿದ ಹಾಗೆ ಪಕ್ಕದಿಂದ ಬಿಡುತ್ತಾರೆ. ಒಂದು ಸಣ್ಣ ಟಾರ್ಚ್ ತೆಗೆದುಕೊಂಡು ಹೋಗಿ, ನೆರಳಿನಲ್ಲಿರುವ ಕಲ್ಲಿಗೆ ಹೀಗೆ ಪಕ್ಕದಿಂದ ಬೆಳಕು ಬಿಡಲು ಮಕ್ಕಳ ಕೈಗೆ ಕೊಡಿ. ಏನೂ ಇಲ್ಲದ ಕಡೆ ಹೂವಿನ ಬಳ್ಳಿ ಮೂಡಿತೆಂದರೆ ಆ ಮಗು ಮತ್ತೆ ‘ಮನೆಗೆ ಹೋಗೋಣ’ ಅನ್ನುವುದಿಲ್ಲ.

ಸರಿ, ಲೆಕ್ಕ ಹಾಕೋಣ. ಹಿಂದಿನಿಂದ ಮುಂದಕ್ಕೆ ಹಾಕಬೇಕು. ಗೇಟು 8ಕ್ಕೆ ತೆಗೆಯುತ್ತದೆ ಅಂದುಕೊಳ್ಳಿ. ಗಾಡಿ ನಿಲ್ಲಿಸಿ, ಎಲ್ಲರೂ ಶೌಚಾಲಯಕ್ಕೆ ಹೋಗಿ ಗೇಟಿಗೆ ಬರಲು 25 ನಿಮಿಷ. ಬಹಳ ಕಡೆ ಶೌಚಾಲಯ ಇರುವುದು ಗೇಟಿನ ಹತ್ತಿರ ಮಾತ್ರ, ಇದನ್ನು ಬಿಡಬೇಡಿ. ದಾರಿ 1 ಗಂಟೆ. ಮಕ್ಕಳಿದ್ದರೆ ದಾರಿಯಲ್ಲಿ ಒಂದು ಸಲ ನಿಲ್ಲಿಸಲೇಬೇಕು, 15 ನಿಮಿಷ. ಅಂದರೆ 6.20ಕ್ಕೆ ಗಾಡಿ ಹೊರಡಬೇಕು. ಹೊರಡಬೇಕು ಅಂದರೆ ಚಕ್ರ ತಿರುಗಬೇಕು, ‘ಇನ್ನೊಂದು ಚಾರ್ಜರ್ ಎಲ್ಲಿ’ ಅಂತ ಹುಡುಕುತ್ತಿರಬಾರದು. 5.15ಕ್ಕೆ ಏಳಬೇಕು. ಚೀಲ, ಟೋಪಿ, ಬೂಟು, ಟಿಕೆಟ್ ರಾತ್ರಿಯೇ ಬಾಗಿಲ ಹತ್ತಿರ ಇರಬೇಕು. ತಿಂಡಿ ಡಬ್ಬಿಯಲ್ಲಿ, ಗಾಡಿಯಲ್ಲೇ. ಹೋಟೆಲಿನ ತಿಂಡಿ 7.30ಕ್ಕೆ ಶುರುವಾಗುತ್ತದೆ ಅಂತ ಕಾದು ಕೂತವರದು ಅವತ್ತಿನ ಕಥೆ ಅಲ್ಲಿಗೇ ಮುಗಿಯಿತು.

ಗೇಟಿನ ಸಮಯವನ್ನು ಹಿಂದಿನ ದಿನ ಸಂಜೆ ಇನ್ನೊಮ್ಮೆ ನೋಡಿ. 2023ರ ಜುಲೈನಲ್ಲಿ ಬಿಸಿಗಾಳಿ ಎದ್ದಾಗ ಅಥೆನ್ಸಿನ ಗುಡ್ಡದ ಮೇಲಿನ ಹಳೆಯ ಕೋಟೆ ಅಕ್ರೊಪೊಲಿಸನ್ನೇ ಮಧ್ಯಾಹ್ನದ ಕೆಲವು ಗಂಟೆ ಮುಚ್ಚಿಬಿಟ್ಟರು. ಇಟಲಿಯ ಹಾಳೂರು ಪೊಂಪೇಯಿಯಲ್ಲಿ 2024ರ ನವೆಂಬರಿನಿಂದ ದಿನಕ್ಕೆ 20,000 ಜನ ಅಂತ ಮಿತಿ ಹಾಕಿ, ಟಿಕೆಟಿನ ಮೇಲೆ ಹೆಸರನ್ನೂ ಅಚ್ಚು ಹಾಕುತ್ತಿದ್ದಾರೆ. ಕಾಂಬೋಡಿಯಾದ ಅಂಕೋರ್ ವಾಟ್ ದೇವಾಲಯದ ತುತ್ತತುದಿಯ ಅಂತಸ್ತಿಗೆ 12 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಇಂಥದ್ದನ್ನೆಲ್ಲ ಮೆಟ್ಟಿಲ ಬುಡದಲ್ಲಿ ನಿಂತು ತಿಳಿದುಕೊಳ್ಳಬಾರದು.

ದಾರಿ ಬಿಟ್ಟು ಒಂದು ಸುತ್ತು ಹೋಗಿ ನೋಡುವುದು ಅಂದಾಗ ಬುರ್ಕ್‌ಹಾರ್ಟನ ಕಥೆ ಹೇಳದೆ ಇರುವುದು ಹೇಗೆ? ಸ್ವಿಟ್ಜರ್ಲೆಂಡಿನವನು, 1784ರಲ್ಲಿ ಹುಟ್ಟಿದವನು. ಆಫ್ರಿಕಾದ ಒಳನಾಡು ಶೋಧಿಸಲೆಂದು ಲಂಡನ್ನಿನ ಸಂಘವೊಂದು ಅವನನ್ನು ಕಳಿಸಿತ್ತು. ಸಿರಿಯಾದಲ್ಲಿ ಎರಡು ವರ್ಷಕ್ಕೂ ಮೇಲೆ ಇದ್ದು ಅರಬ್ಬಿ ಕಲಿತು, ಆ ಕಡೆಯವರ ಉಡುಪು ಹಾಕಿ, ಇಬ್ರಾಹಿಂ ಅಂತ ಹೆಸರಿಟ್ಟುಕೊಂಡು ಡಮಾಸ್ಕಸ್ಸಿನಿಂದ ಕೈರೋಗೆ ಹೊರಟ. ವರ್ಷ 1812, ಬೇಸಿಗೆ. ದಾರಿಯಲ್ಲಿ ವಾದಿ ಮೂಸಾ ಎಂಬ ಕಣಿವೆಯೊಳಗೆ ದೊಡ್ಡ ಹಾಳೂರು ಇದೆ ಎಂಬ ಮಾತು ಕಿವಿಗೆ ಬಿತ್ತು. ನಮ್ಮ ನಿಮ್ಮ ಹಾಗೆಯೇ, ದಾರಿ ಬಿಟ್ಟು ಹೋಗಿ ನೋಡುವ ಆಸೆ. ಆದರೆ ‘ನೋಡಬೇಕು’ ಅಂದರೆ ನಿಧಿ ಕದಿಯಲು ಬಂದವನು ಎಂದು ಜನ ಅನುಮಾನ ಪಡುತ್ತಾರೆ. ಅದಕ್ಕೇ ಒಂದು ಹರಕೆಯ ನೆಪ ಕಟ್ಟಿದ: ಕಣಿವೆಯ ಆಚೆ ಬೆಟ್ಟದ ಮೇಲಿರುವ ಪ್ರವಾದಿ ಹಾರೂನನ ಗೋರಿಗೆ ಆಡು ಕೊಡುತ್ತೇನೆಂದು ಹೇಳಿಕೊಂಡಿದ್ದೇನೆ, ದಾರಿ ತೋರಿಸಿ ಅಂದ. ಹರಕೆ ಅಂದರೆ ಯಾರು ಬೇಡವೆನ್ನುತ್ತಾರೆ?

ಆಗಸ್ಟ್ 22. ಊರಿನಲ್ಲಿ ಒಬ್ಬ ದಾರಿಕಾರನನ್ನು ಗೊತ್ತುಮಾಡಿಕೊಂಡ. ಕೂಲಿ ಎಷ್ಟು ಗೊತ್ತೇ? ಒಂದು ಜೊತೆ ಹಳೆಯ ಕುದುರೆ ಲಾಳ. ಈಗ ಮುಖ್ಯ ವಿಷಯಕ್ಕೆ ಕಿವಿ ಕೊಡಿ. ಆ ದಾರಿಕಾರ ಆಡನ್ನು ತಾನು ಹೊತ್ತುಕೊಂಡು, ನೀರಿನ ತೊಗಲು ಚೀಲವನ್ನು ಬುರ್ಕ್‌ಹಾರ್ಟನ ಕೈಗೆ ಕೊಟ್ಟ. ಕೆಳಗೆ ಕಣಿವೆಯಲ್ಲಿ ನೀರಿಲ್ಲ ಅಂತ ಆ ಊರವನಿಗೆ ಗೊತ್ತು. ಒಳಗೆ ನೀರು ಸಿಗುತ್ತದೆ ಅಂತ ನಂಬಿ ಬರಿಗೈಯಲ್ಲಿ ಹೋಗುವುದು ಆ ಕಾಲದಲ್ಲೂ ಇರಲಿಲ್ಲ. ಇಬ್ಬರೂ ಸಿಕ್ ಎಂಬ ಇಕ್ಕಟ್ಟಾದ ಬಂಡೆ ಸಂದಿಯೊಳಗೆ ಇಳಿದರು. 1.2 ಕಿಲೋಮೀಟರ್ ಉದ್ದದ ಸಂದಿ. ಅದು ಮುಗಿಯುವಲ್ಲಿ, ಬಂಡೆಯಲ್ಲೇ ಕಡೆದ, ಸುಮಾರು 40 ಮೀಟರ್ ಎತ್ತರದ, ಖಜ್ನೆ ಎಂಬ ಕಟ್ಟಡದ ಮುಖ ದಿಢೀರನೆ ಎದುರು ನಿಲ್ಲುತ್ತದೆ. ಪೆಟ್ರಾ! ಈಗಿನ ಜೋರ್ಡನ್ ದೇಶದಲ್ಲಿರುವ, ನಬಾತಿಯರೆಂಬ ಪುರಾತನ ಅರಬ್ ಜನರ ರಾಜಧಾನಿ. ಇವನು ಆಚೆ ಈಚೆ ಹೊರಳಿ ನೋಡಲು ಶುರುಮಾಡಿದ್ದೇ ತಡ, ದಾರಿಕಾರನಿಗೆ ಅನುಮಾನ. ನೀನು ಹರಕೆಯವನಲ್ಲ, ನಿಧಿ ಹುಡುಕಲು ಬಂದವನು, ಇಲ್ಲಿಂದ ಒಂದು ಕಾಸೂ ಹೊರಗೆ ಹೋಗಲು ಬಿಡುವುದಿಲ್ಲ ಎಂದು ಗದರಿದ. ಪಾಪ, ಅಲ್ಲಿಂದ ಮುಂದೆ ತಲೆ ತಗ್ಗಿಸಿ ನಡೆಯಬೇಕಾಯಿತು. ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿದ್ದ, ಹತ್ತಲು ಕಾಲಿನಲ್ಲಿ ಕಸುವಿಲ್ಲ. ಗೋರಿ ಕಣ್ಣಿಗೆ ಕಾಣುವಲ್ಲೇ ಆಡು ಕೊಯ್ದು ಹರಕೆ ಮುಗಿಸಿ ವಾಪಸಾದ. ಆಧುನಿಕ ಯುರೋಪಿಗೆ ಪೆಟ್ರಾದ ಸುದ್ದಿ ಮುಟ್ಟಿಸಿದವನು ಪೆಟ್ರಾ ನೋಡಿದ್ದು ಹೀಗೆ. ಪೂರ್ತಿ ವಿವರ ಕೊಡಲಾಗಲಿಲ್ಲವಲ್ಲ ಎಂದು ಅವನೇ ಬೇಸರದಿಂದ ಬರೆದಿಟ್ಟ. ಇನ್ನೊಂದು ಸಲ ಬಂದು ನೋಡುವ ಭಾಗ್ಯವೂ ಬರಲಿಲ್ಲ, 1817ರಲ್ಲಿ ಕೈರೋದಲ್ಲಿ ತೀರಿಕೊಂಡ. ಅವನಿಗೆ ದಾರಿಕಾರನ ಭಯ ಇತ್ತು, ಸರಿ. ನಿಮಗೆ ಯಾರ ಭಯ? ಬೆಳಿಗ್ಗೆ ಬೇಗ ಹೊರಡಬಹುದಲ್ಲ!

ಕಥೆ ಸ್ವಲ್ಪ ಉದ್ದವಾಯಿತು. ಇನ್ನು ನೀರಿನ ಲೆಕ್ಕ, ಬರೆದುಕೊಳ್ಳಿ. ಬಿಸಿಲಿನಲ್ಲಿ ನಡೆಯುವ ದೊಡ್ಡವರಿಗೆ ಗಂಟೆಗೆ ಕಡಿಮೆ ಅಂದರೂ ಅರ್ಧ ಲೀಟರ್, ಮಕ್ಕಳಿಗೆ ಕಾಲು ಲೀಟರ್. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಮೂರು ಗಂಟೆ: ನಾಲ್ಕೂವರೆ ಲೀಟರ್. ಮೇಲೆ ಒಂದೂವರೆ ಸೇರಿಸಿ, ಆರು ಲೀಟರ್. ಆರು ಲೀಟರ್ ಅಂದರೆ ಆರು ಕಿಲೋ ತೂಕ, ಒಬ್ಬರ ಬೆನ್ನಿಗೇ ಹೇರಬೇಡಿ. ಬಾಯಾರಿಕೆ ಆಗಲಿ ಅಂತ ಕಾಯದೆ 15-20 ನಿಮಿಷಕ್ಕೊಮ್ಮೆ ಎರಡು ಗುಟುಕು. ಒಂದು ಬಾಟಲಿಗೆ ಮುಕ್ಕಾಲು ಭಾಗ ನೀರು ಹಾಕಿ ರಾತ್ರಿ ಫ್ರೀಜರಿನಲ್ಲಿ ಓರೆಯಾಗಿ ಮಲಗಿಸಿ. ತುಂಬ ತುಂಬಿಸಬೇಡಿ, ನೀರು ಮಂಜುಗಡ್ಡೆ ಆಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಬಾಟಲಿ ಸೀಳುತ್ತದೆ. ಬೆಳಿಗ್ಗೆ ಮಿಕ್ಕ ಜಾಗಕ್ಕೆ ನೀರು ತುಂಬಿದರೆ ಬಹಳ ಹೊತ್ತು ತಣ್ಣಗಿರುತ್ತದೆ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ, ಆದರೆ ಅದರ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕದಡಿ. ಒಂದು ಲೀಟರಿನದನ್ನು ಒಂದು ಲೋಟಕ್ಕೆ ಕದಡಿದರೆ ಮಗುವಿಗೆ ಉಪ್ಪು ವಿಪರೀತವಾಗಿ ಕೆಡುಕೇ ಆಗುತ್ತದೆ.

ಯಾವಾಗ ಹಿಂತಿರುಗಬೇಕು? ಗಡಿಯಾರ ನೋಡಬೇಡಿ, ಬಾಟಲಿ ನೋಡಿ. ಅರ್ಧ ನೀರು ಮುಗಿದಾಗ ಎಲ್ಲಿದ್ದೀರೋ ಅಲ್ಲಿಂದಲೇ ವಾಪಸು. ಪೆಟ್ರಾದಂಥ ಕಡೆ ಖಜ್ನೆಗೆ ಹೋಗುವಾಗ ಇಳಿಜಾರು, ತಿರುಗಿ ಬರುವಾಗ ಏರು. ಹುರುಪಿನಲ್ಲಿ ಇಳಿದುಬಿಡುತ್ತಾರೆ, ಏರುವಾಗ ಬಿಸಿಲೂ ಏರಿರುತ್ತದೆ. ದೊಡ್ಡವರು ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆದಾರು. ಐದು ವರ್ಷದ ಮಗುವಿನ ಜೊತೆ, ಕಲ್ಲುಗಳ ನಡುವೆ, ಎರಡು ಕಿಲೋಮೀಟರೂ ಆಗುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿ ಮೂರೇ ಮೂರು ಜಾಗಕ್ಕೆ ಗುರುತು ಹಾಕಿ. ದೂರದ್ದನ್ನು ಮೊದಲು ನೋಡಿ, ಗೇಟಿಗೆ ಹತ್ತಿರದ್ದನ್ನು ಕೊನೆಗೆ.

ಹೊತ್ತು ಸರಿಯುತ್ತಿದೆ, ಬೇಗ ಬೇಗ ಹೇಳುತ್ತೇನೆ. ವಸ್ತುಸಂಗ್ರಹಾಲಯ ಮೊದಲು, ಅವಶೇಷ ಆಮೇಲೆ ಅನ್ನುತ್ತಾರೆ. ಅದು ವಿದ್ವಾಂಸರ ಕ್ರಮ. ಬೇಸಿಗೆಯಲ್ಲಿ ಮಕ್ಕಳಿದ್ದರೆ ಉಲ್ಟಾ: ಬೆಳಿಗ್ಗೆ ಬಯಲು, 11ರ ಮೇಲೆ ಸೂರಿನಡಿ. ಅವಶೇಷದೊಳಗೆ ಮಕ್ಕಳಿಗೆ ಇತಿಹಾಸದ ಪಾಠ ಬೇಡ, ಹುಡುಕಲು ಒಂದು ವಸ್ತು ಹೇಳಿ. ಪೊಂಪೇಯಿಯ ಬೀದಿಯಲ್ಲಿ ಜನ ದಾಟಲೆಂದು ನಿಲ್ಲಿಸಿದ ಎತ್ತರದ ಕಲ್ಲುಗಳಿವೆ, ಹಾಸುಗಲ್ಲಿನ ಮೇಲೆ ಬಂಡಿಗಾಲಿ ಕೊರೆದ ಗಾಡಿಜಾಡು ಇದೆ. ಅದರೊಳಗೆ ಕೈಯಿಟ್ಟು ಆಳ ನೋಡಲಿ. ಪೆಟ್ರಾದ ಸಿಕ್‌ನ ಗೋಡೆಯಲ್ಲಿ ನಬಾತಿಯರು ನೀರಿಗೆಂದು ಕೊರೆದ ಕಾಲುವೆ, ಅದರಲ್ಲಿ ಕೂರಿಸಿದ ಮಣ್ಣಿನ ಕೊಳವೆಯ ತುಂಡುಗಳು ಇನ್ನೂ ಇವೆ, ಹುಡುಕಲಿ. ಮಗುವಿನ ತಳ್ಳುಗಾಡಿ ಇಂಥ ಹಾಸುಗಲ್ಲಿನ ಮೇಲೆ ಉರುಳುವುದಿಲ್ಲ, ಅದನ್ನು ಬಿಟ್ಟುಬನ್ನಿ. ತಂದರೂ ಬಿಸಿಲಿಗೆಂದು ಮೇಲೆ ಬಟ್ಟೆ ಹೊದಿಸಬೇಡಿ, ಗಾಳಿ ನಿಂತು ಒಳಗೆ ಒಲೆಯಾಗುತ್ತದೆ. ಚಪ್ಪಲಿ ಬೇಡ, ಮುಚ್ಚಿದ ಬೂಟು. ಸಾವಿರಾರು ಜನ ತುಳಿದ ಕಲ್ಲು ಎಣ್ಣೆ ಸವರಿದ ಹಾಗೆ ಜಾರುತ್ತದೆ. ಹಿರಿಯರನ್ನು ಮೂರೂ ಜಾಗಕ್ಕೆ ಎಳೆದಾಡಬೇಡಿ, ನೆರಳಿನಲ್ಲಿ ಕೂರಲು ಬಿಡಿ, ಜೊತೆಗೊಬ್ಬರು ಇರಲಿ. ತಪ್ಪಿಸಿಕೊಂಡರೆ ಸೇರುವ ಜಾಗ ಗೇಟು. ‘ಆ ದೊಡ್ಡ ಕಂಬದ ಹತ್ತಿರ’ ಅಂದರೆ ಅಂಥ ಕಂಬ ನಲವತ್ತು ಇರುತ್ತವೆ. ಟಿಕೆಟನ್ನು ಕಾಗದದಲ್ಲೂ ಇಟ್ಟುಕೊಳ್ಳಿ, ಬಿಸಿಲಿಗೆ ಕಾದ ಫೋನು ತನ್ನಷ್ಟಕ್ಕೆ ಆರಿಹೋಗುತ್ತದೆ.

ತಲೆನೋವು, ವಾಕರಿಕೆ, ಕಾಲು ಹಿಡಿದುಕೊಳ್ಳುವುದು, ಕಾರಣವಿಲ್ಲದ ಸಿಡುಕು ಕಂಡರೆ ಆ ದಿನದ ನೋಟ ಮುಗಿಯಿತು. ನೆರಳು, ನೀರು, ಒದ್ದೆ ಬಟ್ಟೆ. ಮಾತು ತೊದಲಿದರೆ, ಮಂಕು ಕವಿದರೆ, ಮೈ ಕೆಂಡವಾದರೆ ಅದು ಹೀಟ್ ಸ್ಟ್ರೋಕ್. ಕೂಡಲೇ ತುರ್ತು ವಾಹನಕ್ಕೆ ಫೋನು ಮಾಡಿ, ಮೈಗೆಲ್ಲ ನೀರು ಸುರಿದು ಗಾಳಿ ಹಾಕುತ್ತಿರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಸಮಯ ಆಯಿತೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಗಾಡಿಯದೊಂದು ಹೇಳಿ ಮುಗಿಸುತ್ತೇನೆ. ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಮಲಗಿದ ಮಗುವನ್ನು ‘ಎರಡೇ ನಿಮಿಷ’ ಅಂತ ಬಿಟ್ಟು ಹೋಗಬೇಡಿ. ಬೆಳಿಗ್ಗೆ ಗಾಡಿ ನಿಲ್ಲಿಸುವಾಗ ಈಗ ನೆರಳಿರುವ ಕಡೆಯಲ್ಲ, 11ಕ್ಕೆ ನೆರಳು ಬರುವ ಕಡೆ ನಿಲ್ಲಿಸಿ. ಇಳಿಯುವ ಮೊದಲು ಮಕ್ಕಳ ಸೀಟಿನ ಬೆಲ್ಟಿನ ಲೋಹದ ಬಕಲ್ ಮೇಲೆ ಒಂದು ಟವೆಲ್ ಹಾಕಿ ಹೋಗಿ, ಇಲ್ಲದಿದ್ದರೆ ವಾಪಸು ಬಂದಾಗ ಅದು ಮಗುವಿನ ತೊಡೆ ಸುಡುವಷ್ಟು ಕಾದಿರುತ್ತದೆ. ಅದೂ ನೀವು 8ಕ್ಕೆ ಗೇಟಿನ ಮುಂದಿದ್ದರೆ. 11.30ಕ್ಕೆ ಹೋಗಿ ನಿಲ್ಲಿಸಿದವರ ಬಕಲ್ ಬಗ್ಗೆ ನಾನು ಏನೂ ಹೇಳುವುದಿಲ್ಲ.

ನಮಸ್ಕಾರ.