ಒತ್ತಕ್ಷರಕ್ಕೆ ಜಾಗ ಬಿಡ್ರಪ್ಪಾ!

ನಮಸ್ಕಾರ, ಮೈಸೂರಿನಿಂದ ನಿಮ್ಮ ವೆಬ್ ಗೆಳೆಯ. ಇವತ್ತು ಬ್ರೌಸರ್‌ಗಳಿಗೆ ಬಂದಿರುವ ಹೊಸ ಸಿಎಸ್‌ಎಸ್ (ವೆಬ್ ಪುಟದ ಅಂದಚೆಂದ ಹೇಳುವ ಕೋಡ್) ಸೌಲಭ್ಯಗಳನ್ನು ತೋರಿಸೋಣ ಅಂತ ಕೂತಿದ್ದೆ. ಆದರೆ ಹೋದ ವಿಡಿಯೋಗೆ ಬಂದ ಒಂದು ಕಾಮೆಂಟ್ ತಲೆ ಕೊರೆಯುತ್ತಿದೆ. "ಬ್ರೋ, ಕನ್ನಡ ವೆಬ್‌ನಲ್ಲಿ ಸರಿಯಾಗಿ ಕೂರಲ್ಲ. ಸುಮ್ನೆ ಇಮೇಜ್ ಮಾಡಿ ಹಾಕಿಬಿಡಿ."

ಕೂರಲ್ವಾ? ಕೂರೋಕೆ ಜಾಗ ಕೊಟ್ಟಿದ್ದೀರಾ?

ಹೋದ ಭಾನುವಾರ ಮಂಡ್ಯದ ಹತ್ತಿರ ಚಿಕ್ಕಪ್ಪನ ಆಲೆಮನೆಗೆ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಚಿಕ್ಕಪ್ಪ ಕೈ ಒರೆಸಿಕೊಂಡು ಮೊಬೈಲ್ ಮುಂದೆ ಹಿಡಿದರು. ದರ ತೋರಿಸುವ ಒಂದು ಪುಟ. ಮೇಲೆ ಹಸಿರು ಬಟನ್. ಅದರಲ್ಲಿ "ಬೆಲದ ದರ". ಲ ಕೆಳಗೆ ಒತ್ತಿನ ತಲೆ ಮಾತ್ರ, ಇರುವೆ ಕಾಲಿನಷ್ಟು. "ಏನ್ಲಾ ಮಗ ಇದು, ಬೆಲ್ಲದ ಒತ್ತು ಎಲ್ಲೋಯ್ತು?" ಅಂದರು. ಕೆಳಗಿನ ಪಟ್ಟಿಯಲ್ಲಿ ಮಳವಳ್ಳಿ ಹೋಗಿ "ಮಳವಳಿ" ಆಗಿತ್ತು.

ಮನೆಗೆ ಬಂದು ಕೋಡ್ ತೆಗೆದು ನೋಡಿದೆ. ಅಕ್ಷರ 18 ಪಿಕ್ಸೆಲ್. ಅದರ ಡಬ್ಬದ ಎತ್ತರವೂ 18 ಪಿಕ್ಸೆಲ್. ಲೈನ್-ಹೈಟ್ 1, ಅಂದರೆ ಒಂದು ಸಾಲಿಗೆ ಅಕ್ಷರದ ಅಳತೆಯಷ್ಟೇ ಎತ್ತರ. ಅದರ ಮೇಲೆ ಓವರ್‌ಫ್ಲೋ ಹಿಡನ್, ಅಂದರೆ ಡಬ್ಬದಿಂದ ಹೊರಗೆ ಚಾಚಿದ್ದೆಲ್ಲ ಮಾಯ. ಆಳೆತ್ತರದ ಮನುಷ್ಯನನ್ನು ಬಗ್ಗಿಸಿ ಪೆಟ್ಟಿಗೆಗೆ ತುರುಕಿ ಮುಚ್ಚಳ ಹಾಕಿದ ಹಾಗೆ. ಒತ್ತಕ್ಷರಕ್ಕೆ ಜಾಗ ಬಿಡಿ, ಅಷ್ಟೇ ನಾನು ಕೇಳುತ್ತಿರೋದು!

ಈಗ ಹೊಸ ಸೌಲಭ್ಯಕ್ಕೆ ಬರ್ತೀನಿ. ಟೆಕ್ಸ್ಟ್-ಬಾಕ್ಸ್-ಟ್ರಿಮ್. ಸಫಾರಿಗೆ 2024ರ ಡಿಸೆಂಬರ್‌ನಲ್ಲಿ ಬಂತು, ಕ್ರೋಮ್‌ಗೆ 2025ರ ಫೆಬ್ರವರಿಯಲ್ಲಿ. ಸಾಲಿನ ಮೇಲೆ ಕೆಳಗೆ ಉಳಿಯುವ ಖಾಲಿ ಜಾಗವನ್ನು ಕತ್ತರಿಸುತ್ತೆ. ಇಂಗ್ಲಿಷ್ ಬಟನ್‌ನಲ್ಲಿ ಅಕ್ಷರ ನಟ್ಟನಡುವೆ ಕೂರುತ್ತೆ, ನೋಡೋಕೆ ತುಂಬಾ ಚೆನ್ನಾಗಿದೆ. ಆದರೆ ಎಲ್ಲರೂ ಕಾಪಿ ಮಾಡುವ ವ್ಯಾಲ್ಯೂ ಯಾವುದು? ಕ್ಯಾಪ್, ಆಲ್ಫಬೆಟಿಕ್. ಅಂದರೆ ಇಂಗ್ಲಿಷಿನ ದೊಡ್ಡಕ್ಷರದ ತಲೆಯಿಂದ ಅದು ನಿಂತಿರುವ ಗೆರೆ, ಅಂದರೆ ಬೇಸ್‌ಲೈನ್‌ವರೆಗೆ ಮಾತ್ರ ಅಳತೆ. ನಮ್ಮ ಒತ್ತು ಇರೋದೇ ಬೇಸ್‌ಲೈನ್ ಕೆಳಗೆ! ಯಾವುದನ್ನು ಖಾಲಿ ಅಂತ ಕತ್ತರಿಸಿದಿರೋ ಅಲ್ಲೇ ನಮ್ಮ ಅರ್ಧ ಪದ ಇದೆ. ಅದರ ಮೇಲೆ ಓವರ್‌ಫ್ಲೋ ಹಿಡನ್ ಹಾಕಿದರೆ ಮುಗೀತು.

"ಇಂಗ್ಲಿಷ್‌ನಲ್ಲೂ ಜಿ, ವೈಗೆ ಬಾಲ ಇದೆಯಲ್ಲ" ಅಂತೀರಿ. ಇದೆ. ಬಾಲ ಕತ್ತರಿಸಿದರೂ ಪದ ಓದಬಹುದು. ಒತ್ತು ಕತ್ತರಿಸಿದರೆ ಹಳ್ಳಿ ಹೋಗಿ ಹಳಿ ಆಗುತ್ತೆ. ಎರಡೂ ಒಂದೇನಾ?

ಸರಿ ಮಾಡೋದು ಕಷ್ಟವೂ ಅಲ್ಲ. ಪುಟದ ಭಾಷೆ ಕೆಎನ್, ಅಂದರೆ ಕನ್ನಡ, ಅಂತ ಕೋಡ್‌ನ ಲ್ಯಾಂಗ್ ಅನ್ನೋ ಜಾಗದಲ್ಲಿ ಹೇಳಿ. ಸಿಎಸ್‌ಎಸ್‌ನಲ್ಲಿ ಕನ್ನಡಕ್ಕೆ ಅಂತಲೇ ಒಂದು ಸಾಲು, ಲೈನ್-ಹೈಟ್ 1.6, ಬೇಕಿದ್ದರೆ 1.7. ಬಟನ್‌ಗೆ ಹೈಟ್ ಬದಲು ಮಿನ್-ಹೈಟ್ ಕೊಡಿ, ಅಕ್ಷರ ಬೆಳೆದಷ್ಟು ಡಬ್ಬವೂ ಬೆಳೆಯಲಿ. ಎರಡು ನಿಮಿಷದ ಕೆಲಸ! ಹೋದ ತಿಂಗಳ ವಿಡಿಯೋದಲ್ಲಿ ಇದನ್ನೇ ಪೂರ್ತಿ ಮಾಡಿ ತೋರಿಸಿದ್ದೀನಿ. ನೋಡಿಲ್ಲ ಅಂದರೆ ನೋಡಿ, ಹಾಗೇ ಸಬ್‌ಸ್ಕ್ರೈಬ್ ಆಗಿ.

ಫಾಂಟ್ ಇಲ್ಲ ಅನ್ನೋ ಮಾತಂತೂ ಬೇಡವೇ ಬೇಡ. ನೋಟೋ ಸಾನ್ಸ್ ಕನ್ನಡ ಇದೆ. ಏಕ್ ಟೈಪ್‌ನವರ ಅನೇಕ್ ಕನ್ನಡ ಇದೆ, ಒಂದೇ ಫೈಲ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ. ಎರಡೂ ಪುಕ್ಕಟೆ. ಕಂಪ್ಯೂಟರ್‌ಗಾಗಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 1991ರಿಂದ ಕನ್ನಡ ಇದೆ. ಮೂವತ್ತು ವರ್ಷ ದಾಟಿದ ಮೇಲೂ ಇಮೇಜ್ ಹಾಕಿ ಅಂತೀರಲ್ಲ! ಇಮೇಜ್‌ನೊಳಗಿನ ಬೆಲ್ಲವನ್ನು ಪುಟದಲ್ಲಿ ಹುಡುಕಿದರೆ ಸಿಗುತ್ತಾ? ಕಣ್ಣು ಕಾಣದವರಿಗೆ ಫೋನ್ ಓದಿ ಹೇಳುತ್ತಲ್ಲ, ಇಮೇಜ್‌ನಲ್ಲಿ ಏನಿದೆ ಅಂತ ಹೇಳುವ ಆಲ್ಟ್ ಬರೆಯದೆ ಬಿಟ್ಟರೆ ಅದು ಏನು ಓದಬೇಕು?

"ಜಾಗ ಬಿಟ್ಟರೆ ಡಿಸೈನ್ ಕೆಡುತ್ತೆ" ಅಂತ ಇನ್ನೊಬ್ಬರು. ಯಾರ ಡಿಸೈನ್ ಸ್ವಾಮಿ? ಓದೋಕಾಗದ ಬಟನ್ ಚಂದ ಇದ್ದು ಏನು ಮಾಡೋಣ? ಕ್ಲೈಂಟ್ ಒಪ್ಪಲ್ಲ ಅಂತೀರಾ? ಅವರ ಅಂಗಡಿ ಬೋರ್ಡಿನಲ್ಲಿ ಒತ್ತು ಅಳಿಸಿ ತೋರಿಸಿ, ಒಪ್ತಾರಾ ನೋಡೋಣ! ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತೆ. ನಮ್ಮ ಭಾಷೆ, ನಮ್ಮೂರ ಹೆಸರು, ಅದಕ್ಕೆ ನಾಲ್ಕು ಪಿಕ್ಸೆಲ್ ಕೊಡೋಕೆ ಆಗಲ್ವಾ? ಜಾಗ ಬಿಡ್ರಪ್ಪಾ!

ಈಗಲೇ ನಿಮ್ಮ ಸೈಟ್ ತೆಗೆಯಿರಿ. ಬಟನ್ ಒಳಗೆ "ಲಕ್ಷ್ಮಿ" ಅಂತ ಹಾಕಿ. "ರಾಷ್ಟ್ರ" ಅಂತ ಹಾಕಿ, ಅದರಲ್ಲಿ ಎರಡು ಒತ್ತಿದೆ. ಎರಡೂ ಪೂರ್ತಿ ಕಂಡವಾ? ಕಾಣದಿದ್ದರೆ ಸ್ಕ್ರೀನ್‌ಶಾಟ್ ಕಳಿಸಿ. ಭಾನುವಾರ ಸಂಜೆ ಲೈವ್ ಬರ್ತೀನಿ, ಒಂದೊಂದೇ ಕೂತು ಸರಿ ಮಾಡೋಣ. ಮೊದಲು ಚಿಕ್ಕಪ್ಪನ ಬೆಲ್ಲದ ಬಟನ್.