ಟೇಪು ಕಾಯುವುದಿಲ್ಲ: ಕಂಪ್ಯೂಟರಿನಿಂದ ಮಿನಿಡಿವಿ ಕ್ಯಾಸೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

ಎಡಿಟ್ ಮಾಡಿ ಮುಗಿಸಿದ ವಿಡಿಯೊವನ್ನು ಕಂಪ್ಯೂಟರಿನಿಂದ ಮತ್ತೆ ಕ್ಯಾಮ್‌ಕಾರ್ಡರಿನ ಕ್ಯಾಸೆಟ್ಟಿಗೆ ಇಳಿಸುವ ಕೆಲಸದ ಬಗ್ಗೆ ಇವತ್ತು ಮಾತನಾಡುತ್ತೇನೆ. ಮಿನಿಡಿವಿ ಕ್ಯಾಸೆಟ್ಟು ಮಾರುಕಟ್ಟೆಗೆ ಬಂದದ್ದು 1995ರಲ್ಲಿ. ಆಮೇಲೆ ಎಷ್ಟೋ ವರ್ಷ ನಮ್ಮ ಮದುವೆಗಳು, ನಾಟಕಗಳು, ಯಕ್ಷಗಾನದ ಆಟಗಳು ದಾಖಲಾದದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆ ಕ್ಯಾಸೆಟ್ಟಿನ ಮೇಲೆ. ಆ ಕ್ಯಾಮೆರಾಗಳು ಎಷ್ಟೋ ಸ್ಟುಡಿಯೊಗಳಲ್ಲಿ, ಮನೆಗಳಲ್ಲಿ ಇನ್ನೂ ಇವೆ. ಎಡಿಟ್ ಆದ ಪ್ರತಿಯೊಂದನ್ನು ಕ್ಯಾಸೆಟ್ಟಿನಲ್ಲೂ ಇಟ್ಟುಕೊಳ್ಳುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಹಾರ್ಡ್ ಡಿಸ್ಕ್ ಕೆಟ್ಟರೆ ಎಲ್ಲವೂ ಒಂದೇ ಏಟಿಗೆ ಹೋಗುತ್ತದೆ. ಟೇಪಿನಲ್ಲಿ ಒಂದು ಕಡೆ ಕೆಟ್ಟರೆ ಸಾಮಾನ್ಯವಾಗಿ ಅಲ್ಲಿಯ ಕೆಲವು ಕ್ಷಣಗಳು ಮಾತ್ರ ಹಾಳು.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಪೆನ್‌ಡ್ರೈವಿಗೆ ಫೈಲು ಕಾಪಿ ಮಾಡುವಾಗ ಕಂಪ್ಯೂಟರು ನಡುವೆ ನಿಂತರೂ ತೊಂದರೆಯಿಲ್ಲ, ಒಂದು ನಿಮಿಷ ತಡವಾಗುತ್ತದೆ ಅಷ್ಟೆ. ಟೇಪು ಹಾಗೆ ಕಾಯುವುದಿಲ್ಲ. ಕ್ಯಾಮೆರಾದೊಳಗೆ ಟೇಪಿಗೆ ಬರೆಯುವ ಹೆಡ್ಡುಗಳಿರುವ ಉರುಳೆ, ಅಂದರೆ ಹೆಡ್ ಡ್ರಮ್ಮು, ನಿಮಿಷಕ್ಕೆ 9,000 ಸುತ್ತು ತಿರುಗುತ್ತಿರುತ್ತದೆ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಅಂದರೆ 25 ಬಿಡಿ ಚಿತ್ರ, ಒಂದೊಂದು ಫ್ರೇಮಿಗೆ ಟೇಪಿನ ಮೇಲೆ 12 ಓರೆಗೆರೆ. ಅಂದರೆ ಸೆಕೆಂಡಿಗೆ 300 ಗೆರೆ ಬರೆಯುತ್ತ ಹೋಗಬೇಕು. ಕಂಪ್ಯೂಟರಿನಿಂದ ಒಂದು ಫ್ರೇಮು ಹೊತ್ತಿಗೆ ಸರಿಯಾಗಿ ಬರದಿದ್ದರೆ ಅದರ ಜಾಗ ಹೋದಂತೆಯೇ. ಚಿತ್ರ ಜಗ್ಗುತ್ತದೆ, ಧ್ವನಿ ಟಕ್ಕೆನ್ನುತ್ತದೆ. ಡ್ರಾಪ್ಡ್ ಫ್ರೇಮ್ ಎಂದು ಎಡಿಟರುಗಳು ಗೋಳಾಡುವುದು ಇದಕ್ಕೇ. ಈ ಕೆಲಸದ ತಯಾರಿಯೆಲ್ಲ ಇರುವುದು, ಒಂದು ಗಂಟೆ ಕಾಲ ಕಂಪ್ಯೂಟರು ತಡವರಿಸದಂತೆ ನೋಡಿಕೊಳ್ಳುವುದಕ್ಕೆ.

ಇನ್ನು ಕೇಬಲ್ಲು. ಬೇಕಾದದ್ದು ಫೈರ್‌ವೈರ್. ಸೋನಿಯವರು ಇದನ್ನೇ ಐಲಿಂಕ್ ಎನ್ನುತ್ತಾರೆ. ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿಯೂ ಇರಬಹುದು, ಆದರೆ ಹೆಚ್ಚಿನ ಮಿನಿಡಿವಿ ಕ್ಯಾಮೆರಾಗಳಲ್ಲಿ ಅದು ಇರುವುದು ಮೆಮೊರಿ ಕಾರ್ಡಿನ ಫೋಟೊ ತೆಗೆಯಲು. ಅದರಿಂದ ಟೇಪಿಗೆ ಬರೆಯಲಾಗದು. ಕ್ಯಾಮೆರಾ ಕಡೆಗೆ ನಾಲ್ಕು ಪಿನ್ನಿನ ಸಣ್ಣ ತುದಿ, ಕಂಪ್ಯೂಟರ್ ಕಾರ್ಡಿನ ಕಡೆಗೆ ಸಾಮಾನ್ಯವಾಗಿ ಆರು ಪಿನ್ನಿನ ದಪ್ಪ ತುದಿ. ಈ ಆರು ಪಿನ್ನಿನ ತುದಿಯನ್ನು ಕೈಯಲ್ಲಿ ಹಿಡಿದು ಬೆರಳಾಡಿಸಿ ನೋಡಿ. ಒಂದು ಪಕ್ಕ ಚಪ್ಪಟೆ, ಇನ್ನೊಂದು ಪಕ್ಕ ಮೂಲೆ ಕತ್ತರಿಸಿದ ಹಾಗೆ ಕಿರಿದು. ಕಂಪ್ಯೂಟರಿನ ಹಿಂದೆ ಕತ್ತಲಲ್ಲಿ ತಡಕಾಡಿ ತಿರುಗುಮುರುಗಾಗಿ ಒತ್ತಿದರೆ, ಹಳೆಯ ಸಡಿಲ ಕಿಂಡಿಯಲ್ಲಿ ಅದು ಒಳಗೆ ಹೋಗಿಯೇ ಬಿಡಬಹುದು. ಆರರಲ್ಲಿ ಎರಡು ಪಿನ್ನು ವಿದ್ಯುತ್ತಿನವು. ಆ ವಿದ್ಯುತ್ತು ಸಿಗ್ನಲ್ ತಂತಿಗೆ ಹರಿದರೆ ಕ್ಯಾಮೆರಾದ ಡಿವಿ (ಡಿಜಿಟಲ್ ವಿಡಿಯೊ) ಕಿಂಡಿ ಸುಟ್ಟುಹೋಗುತ್ತದೆ. ಅದಕ್ಕೇ ಎರಡೂ ಯಂತ್ರ ಆಫ್ ಮಾಡಿಟ್ಟು, ಕಣ್ಣಿಂದ ನೋಡಿಯೇ ಕೇಬಲ್ ಹಾಕಿ. ಕೇಬಲ್ಲು ನಾಲ್ಕೂವರೆ ಮೀಟರಿಗಿಂತ ಉದ್ದ ಬೇಡ.

ಕಿಂಡಿಯ ಪಕ್ಕದ ಅಕ್ಷರವನ್ನೂ ಓದಿಕೊಳ್ಳಿ. "ಡಿವಿ ಇನ್-ಔಟ್" ಎಂದಿದ್ದರೆ ಸರಿ. ಬರೀ "ಡಿವಿ ಔಟ್" ಎಂದಿದ್ದರೆ ಆ ಕ್ಯಾಮೆರಾ ಹೊರಗಿನಿಂದ ಬಂದ ಡಿವಿಯನ್ನು ರೆಕಾರ್ಡ್ ಮಾಡಿಕೊಳ್ಳುವುದಿಲ್ಲ. ಯುರೋಪಿನಲ್ಲಿ ಮಾರಿದ ಬಹಳಷ್ಟು ಕ್ಯಾಮೆರಾಗಳು ಹೀಗಿವೆ. ಹೊರಗಿನಿಂದ ರೆಕಾರ್ಡ್ ಮಾಡಿಕೊಳ್ಳಬಲ್ಲ ಕ್ಯಾಮೆರಾವನ್ನು ಅಲ್ಲಿಯ ಸುಂಕದವರು ವಿಡಿಯೊ ರೆಕಾರ್ಡರ್ ಎಂದು ಲೆಕ್ಕ ಹಿಡಿದು ಹೆಚ್ಚು ಸುಂಕ ಹಾಕುತ್ತಿದ್ದರು. ಹಾಗಾಗಿ ತಯಾರಕರು ಆ ಸೌಲಭ್ಯವನ್ನೇ ಮುಚ್ಚಿ ಮಾರಿದರು. ವಿದೇಶದಲ್ಲಿರುವ ನೆಂಟರು ತಂದುಕೊಟ್ಟ ಕ್ಯಾಮೆರಾ ನಿಮ್ಮದಾಗಿದ್ದರೆ ಮೊದಲು ಇದನ್ನೇ ನೋಡಿ, ಇಲ್ಲವಾದರೆ ಇಡೀ ದಿನ ಕಂಪ್ಯೂಟರನ್ನು ಬೈಯುತ್ತ ಕೂರಬೇಕಾಗುತ್ತದೆ. ಅಮೆರಿಕದಿಂದ ಬಂದದ್ದಾದರೆ ಅದು ಅಲ್ಲಿಯ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ. ನಿಮ್ಮ ಪಾಲ್ ವಿಡಿಯೊ ಅದರಲ್ಲಿ ಕೂರುವುದಿಲ್ಲ.

ಈಗ ಫೈಲು. ಕ್ಯಾಸೆಟ್ಟಿಗೆ ಹೋಗಬೇಕಾದದ್ದು ಡಿವಿ ರೂಪದಲ್ಲೇ ಇರಬೇಕು: ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ, ಸೆಕೆಂಡಿಗೆ 25 ಫ್ರೇಮು, ಕೆಳಗಿನ ಫೀಲ್ಡು (ಫ್ರೇಮಿನ ಅರ್ಧದಷ್ಟು ಗೆರೆಗಳು, ಮುಂದೆ ಬಿಡಿಸಿ ಹೇಳುತ್ತೇನೆ) ಮೊದಲು, ಧ್ವನಿ 48 ಕಿಲೊಹರ್ಟ್ಸ್, 16 ಬಿಟ್. ಫೀಲ್ಡಿನ ಕ್ರಮ ಹಿಂದುಮುಂದಾದರೆ ನಿಂತ ದೃಶ್ಯ ಚೆನ್ನಾಗಿಯೇ ಕಾಣುತ್ತದೆ, ಆದರೆ ಕ್ಯಾಮೆರಾ ಪಕ್ಕಕ್ಕೆ ತಿರುಗಿದೊಡನೆ ಚಿತ್ರ ಅದುರುತ್ತದೆ. ಸಿಡಿಯಿಂದ ತೆಗೆದ ಹಾಡು 44.1 ಕಿಲೊಹರ್ಟ್ಸಿನದು, ಅದನ್ನು 48ಕ್ಕೆ ಮೊದಲೇ ಬದಲಿಸಿಕೊಳ್ಳಿ. ಮೊಬೈಲಿನಲ್ಲಿ ಸೆಕೆಂಡಿಗೆ 30 ಫ್ರೇಮಿನಂತೆ ತೆಗೆದ ತುಣುಕನ್ನು ಸೇರಿಸಿದರೆ ಚಲನೆ ಕೊಂಚ ಕುಂಟುತ್ತದೆ, ಸಾಧ್ಯವಿದ್ದರೆ 25ರಲ್ಲೇ ತೆಗೆಯಿರಿ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ರೂಪ ಬದಲಿಸುವ ತಂತ್ರಾಂಶ ಗೊತ್ತಿರುವವರು ಟಾರ್ಗೆಟ್ ಎಂಬಲ್ಲಿ ಪಾಲ್-ಡಿವಿ ಎಂದು ಕೊಟ್ಟರೆ ಅಳತೆ, ವೇಗ, ಧ್ವನಿ ಮೂರನ್ನೂ ಅದೇ ಹೊಂದಿಸುತ್ತದೆ.

ಒಂದು ಗಂಟೆಯ ಡಿವಿಗೆ ಸುಮಾರು 13 ಜಿಬಿ ಜಾಗ ಬೇಕು. ಡಿಸ್ಕಿನ ಫೈಲ್ ವ್ಯವಸ್ಥೆ ಫ್ಯಾಟ್-32 ಆಗಿದ್ದರೆ ಒಂದು ಫೈಲು 4 ಜಿಬಿ ದಾಟಲಾರದು, ಅಂದರೆ 19 ನಿಮಿಷದ ಹೊತ್ತಿಗೆ ನಿಂತುಬಿಡುತ್ತದೆ. ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ.

ಕನ್ನಡ ಶೀರ್ಷಿಕೆ ಹಾಕುವವರಿಗೆ ಇಲ್ಲಿ ಒಂದು ವಿಶೇಷ ತೊಂದರೆಯಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿವಿಯ ಒಂದು ಫ್ರೇಮೆಂದರೆ ಎರಡು ಫೀಲ್ಡು. ಒಂದರಲ್ಲಿ ಸರಿಸಂಖ್ಯೆಯ ಗೆರೆಗಳು, ಇನ್ನೊಂದರಲ್ಲಿ ಬೆಸ. ನಮ್ಮ ಅಕ್ಷರಗಳ ತಲೆಕಟ್ಟು ತೆಳುವಾದ ಅಡ್ಡಗೆರೆ. ಅದು ಒಂದೇ ಗೆರೆಯಷ್ಟು ದಪ್ಪವಿದ್ದರೆ ಒಂದು ಫೀಲ್ಡಿನಲ್ಲಿ ಕಾಣುತ್ತದೆ, ಮುಂದಿನದರಲ್ಲಿ ಮಾಯ. ಕಂಪ್ಯೂಟರಿನ ಪರದೆಯ ಮೇಲೆ ಏನೂ ಗೊತ್ತಾಗುವುದಿಲ್ಲ. ಹಳೆಯ ಟಿವಿಯಲ್ಲಿ ಹಾಕಿದರೆ ಸಾಲಿಗೆ ಸಾಲೇ ಮಿಣುಕುತ್ತದೆ. ತಲೆಕಟ್ಟು ಕನಿಷ್ಠ ಎರಡು ಮೂರು ಗೆರೆ ದಪ್ಪ ಬರುವಂಥ ದಪ್ಪಕ್ಷರ ಆರಿಸಿ, ಮಿಣುಕು ತಗ್ಗಿಸುವ ಫ್ಲಿಕರ್ ರಿಮೂವಲ್ ಆಯ್ಕೆಯಿದ್ದರೆ ಅದನ್ನೂ ಹಾಕಿ. ಟಿವಿ ಚಿತ್ರದ ಅಂಚನ್ನು ನುಂಗುವುದರಿಂದ ನಾಲ್ಕೂ ಕಡೆ ಹತ್ತನೇ ಒಂದು ಭಾಗ ಬಿಡುವುದು ರೂಢಿ. ಕೆಳಗಿನ ಅಂಚಿನಿಂದ ಅಳೆಯುವಾಗ ಅಕ್ಷರದ ಬುಡದಿಂದ ಅಳೆಯಬೇಡಿ, ಒತ್ತಕ್ಷರದ ತುದಿಯಿಂದ ಅಳೆಯಿರಿ. ಇಲ್ಲದಿದ್ದರೆ "ಕೃಷ್ಣಪ್ಪ" ಎಂಬ ಹೆಸರಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಹಳೆಯ ಎಡಿಟಿಂಗ್ ತಂತ್ರಾಂಶಗಳಲ್ಲಿ ಯೂನಿಕೋಡ್ ಒತ್ತಕ್ಷರಗಳು ಚದುರಿಹೋಗುವುದೂ ಉಂಟು. ಆಗ ಶೀರ್ಷಿಕೆಯನ್ನು ಬೇರೆ ಕಡೆ 768 ಅಡ್ಡ, 576 ಉದ್ದದ ಚಿತ್ರವಾಗಿ ಮಾಡಿ ತಂದು ಕೂರಿಸಿ. 720 ಅಲ್ಲ, 768. ಡಿವಿಯ ಚುಕ್ಕಿ ಚೌಕವಾಗಿಲ್ಲದ್ದರಿಂದ ಈ ವ್ಯತ್ಯಾಸ.

ಎಡಿಟಿಂಗ್ ತಂತ್ರಾಂಶದಲ್ಲಿ ತುಣುಕುಗಳನ್ನು ಜೋಡಿಸುವ ಪಟ್ಟಿಯಾದ ಟೈಮ್‌ಲೈನಿನ ಮೊದಲಿಗೆ ಕನಿಷ್ಠ 10 ಸೆಕೆಂಡು, 30 ಆದರೆ ಇನ್ನೂ ಒಳ್ಳೆಯದು, ಕಪ್ಪು ಚಿತ್ರ ಸೇರಿಸಿ. ಟೇಪಿನ ತುದಿಯೇ ಹೆಚ್ಚು ಜಗ್ಗಾಟಕ್ಕೆ ಸಿಗುವ ಜಾಗ. ಜೊತೆಗೆ ಕ್ಯಾಮೆರಾ ವೇಗ ಹಿಡಿಯಲು ಒಂದೆರಡು ಸೆಕೆಂಡು ತಗಲುತ್ತದೆ. ಕೊನೆಗೂ ಅಷ್ಟೇ ಕಪ್ಪು ಇರಲಿ. ನಂತರ ಇಡೀ ಟೈಮ್‌ಲೈನನ್ನು ರೆಂಡರ್ ಮಾಡಿ, ಅಂದರೆ ಮಾಡಿದ ಬದಲಾವಣೆಗಳನ್ನೆಲ್ಲ ಕಂಪ್ಯೂಟರು ಮೊದಲೇ ಲೆಕ್ಕ ಹಾಕಿ ಸಿದ್ಧ ಮಾಡಿಕೊಳ್ಳಲಿ. ರೆಂಡರ್ ಆಗದ ಜಾಗ ತೋರಿಸುವ ಕೆಂಪು ಗೆರೆ ಮೇಲೆ ಒಂದು ಕಡೆಯೂ ಉಳಿಯಬಾರದು. ಹಾಗೆ ಉಳಿದ ಜಾಗದಲ್ಲೇ ಕಂಪ್ಯೂಟರು ಎಡವುವುದು. ಬರೀ ಕತ್ತರಿಸಿ ಜೋಡಿಸಿದ ಡಿವಿ ಭಾಗಗಳು ಅಂಕಿಗೆ ಅಂಕಿ ಹಾಗೆಯೇ ಟೇಪಿಗೆ ಹೋಗುತ್ತವೆ, ಗುಣಮಟ್ಟ ಎಳ್ಳಷ್ಟೂ ಕುಂದುವುದಿಲ್ಲ.

ಕ್ಯಾಮೆರಾವನ್ನು ಬ್ಯಾಟರಿಯಲ್ಲಿ ನಡೆಸಬೇಡಿ, ಅಡಾಪ್ಟರ್ ಹಾಕಿ. ಗುಂಡಿಯನ್ನು ವಿಸಿಆರ್ ಅಥವಾ ಪ್ಲೇ ಎಂಬಲ್ಲಿಗೆ ತಿರುಗಿಸಿ, ಶೂಟಿಂಗಿನ ಜಾಗದಲ್ಲಲ್ಲ. ಹೊಸ ಕ್ಯಾಸೆಟ್ಟು ಹಾಕಿ, ಅದರ ಬೆನ್ನಿನ ಪುಟ್ಟ ಜಾರುಗುಂಡಿ ರೆಕ್ ಕಡೆಗಿರಲಿ. ಮೆನುವಿನಲ್ಲಿ ಎಸ್‌ಪಿ, ಅಂದರೆ ಟೇಪಿನ ಮಾಮೂಲು ವೇಗ, ಆಯ್ದುಕೊಳ್ಳಿ. ನಿಧಾನ ವೇಗದ ಎಲ್‌ಪಿಯಲ್ಲಿ 60 ನಿಮಿಷದ ಟೇಪು 90 ನಿಮಿಷ ಬರುತ್ತದೆ ನಿಜ, ಆದರೆ ಗೆರೆಯ ಅಗಲ 10 ಮೈಕ್ರಾನಿನಿಂದ 6.7ಕ್ಕೆ ಇಳಿಯುತ್ತದೆ. ಬೇರೆ ಕ್ಯಾಮೆರಾದ ಹೆಡ್ಡು ಆ ಗೆರೆಯ ಮೇಲೆ ಸರಿಯಾಗಿ ಕೂರದೆ ಚಿತ್ರದಲ್ಲಿ ಚೌಕಗಳು ಏಳುತ್ತವೆ. ಉಳಿಸಿಕೊಳ್ಳಬೇಕಾದ ಪ್ರತಿಗೆ ಎಲ್‌ಪಿ ಖಂಡಿತ ಬೇಡ.

ಕಂಪ್ಯೂಟರಿನಲ್ಲಿ ಇಂಟರ್‌ನೆಟ್, ಆಂಟಿವೈರಸ್, ಸ್ಕ್ರೀನ್ ಸೇವರ್, ನಿದ್ದೆಗೆ ಹೋಗುವ ಆಯ್ಕೆ ಎಲ್ಲ ಆಫ್ ಮಾಡಿ. ಎಡಿಟಿಂಗ್ ತಂತ್ರಾಂಶವಾದ ಪ್ರೀಮಿಯರ್‌ನಲ್ಲಾದರೆ ಎಕ್ಸ್‌ಪೋರ್ಟ್ ಟು ಟೇಪ್, ಫೈನಲ್ ಕಟ್‌ನ ಹಳೆಯ ಆವೃತ್ತಿಗಳಲ್ಲಿ ಪ್ರಿಂಟ್ ಟು ವಿಡಿಯೊ ಎಂಬ ಆಯ್ಕೆ ಬಳಸಿ. ಸಿದ್ಧವಾದ ಡಿವಿ ಎವಿಐ ಫೈಲೊಂದನ್ನು ಟೇಪಿಗೆ ಕಳಿಸುವುದಷ್ಟೇ ಕೆಲಸವಾದರೆ ವಿನ್‌ಡಿವಿ ಎಂಬ ಉಚಿತ ಪುಟ್ಟ ತಂತ್ರಾಂಶವೇ ಸಾಕು. ಹಳೆಯ ಯಂತ್ರಕ್ಕೆ ನಾನು ಅದನ್ನೇ ಹೇಳುವುದು. ಡ್ರಾಪ್ಡ್ ಫ್ರೇಮ್ ಬಂದರೆ ನಿಲ್ಲಿಸು ಎಂಬ ಆಯ್ಕೆ ಪ್ರೀಮಿಯರ್‌ನಲ್ಲಿದೆ. ಅದನ್ನು ಒಂದಕ್ಕೆ ಇಡಿ. ವಿಂಡೋಸ್ 8 ಮತ್ತು ನಂತರದವುಗಳಲ್ಲಿ ಕ್ಯಾಮೆರಾ ಕಾಣದಿದ್ದರೆ ಫೈರ್‌ವೈರ್ ಕಾರ್ಡಿಗೆ ಲೆಗಸಿ ಡ್ರೈವರ್ (ಕಾರ್ಡನ್ನು ನಡೆಸುವ ಹಳೆಯ ತಂತ್ರಾಂಶ) ಹಾಕಿ ನೋಡಿ.

ರೆಕಾರ್ಡ್ ಒತ್ತುವ ಮುನ್ನ ಟೈಮ್‌ಲೈನನ್ನು ಸುಮ್ಮನೆ ಓಡಿಸಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚಿತ್ರ ಮೂಡಿತೆಂದರೆ ಸಿಗ್ನಲ್ ತಲುಪುತ್ತಿದೆ. ಅಲ್ಲಿ ಚಿತ್ರವಿದ್ದೂ ಕ್ಯಾಮೆರಾ ತಾನಾಗಿ ರೆಕಾರ್ಡ್ ಆರಂಭಿಸದಿದ್ದರೆ ಕೈಯಿಂದಲೇ ಮಾಡಿ. ಸೋನಿಯ ಹಲವು ಮಾದರಿಗಳಲ್ಲಿ ಪಕ್ಕಪಕ್ಕದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ರೆಕಾರ್ಡ್ ಶುರುವಾಗುತ್ತದೆ. ಮೊದಲು ಕ್ಯಾಮೆರಾ, ಐದು ಸೆಕೆಂಡಿನ ಮೇಲೆ ಟೈಮ್‌ಲೈನು. ಮೊದಲಲ್ಲಿ ಸೇರಿಸಿದ ಕಪ್ಪು ಆಗ ಉಪಯೋಗಕ್ಕೆ ಬರುತ್ತದೆ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇನ್ನೊಂದು ಎಚ್ಚರ ವಹಿಸಬೇಕು. ಏಸಿ ಕೋಣೆಯಿಂದ ಕ್ಯಾಮೆರಾ ಹೊರಗೆ ತಂದರೆ ಡ್ರಮ್ಮಿನ ಮೇಲೆ ತೇವ ಕೂತು, ಟೇಪು ಅದಕ್ಕೆ ಅಂಟಿಕೊಳ್ಳುತ್ತದೆ. ಪರದೆಯಲ್ಲಿ ತೇವದ ಎಚ್ಚರಿಕೆ ಬಂದರೆ ಕ್ಯಾಸೆಟ್ ತೆಗೆದು, ಮುಚ್ಚಳ ತೆರೆದು ಒಂದು ಗಂಟೆ ಹಾಗೇ ಬಿಡಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಆ ಕ್ಯಾಸೆಟ್ಟನ್ನು ಯಾವ ಯಂತ್ರಕ್ಕೂ ಹಾಕಬೇಡಿ, ಹೆಡ್ಡಿನ ಮೂಲಕ ಮಿಕ್ಕವಕ್ಕೂ ಹರಡುತ್ತದೆ. ಚಿತ್ರದಲ್ಲಿ ಚೌಕಗಳು ಬರುತ್ತಿದ್ದರೆ ಒಣ ಕ್ಲೀನಿಂಗ್ ಕ್ಯಾಸೆಟ್ಟನ್ನು ಹತ್ತು ಸೆಕೆಂಡು ಓಡಿಸಿ ಸಾಕು. ಅದು ಉಜ್ಜಿ ತೆಗೆಯುವ ಟೇಪು, ಹೆಚ್ಚು ಓಡಿಸಿದರೆ ಹೆಡ್ಡೇ ಸವೆಯುತ್ತದೆ.

ರೆಕಾರ್ಡ್ ಮುಗಿದೊಡನೆ ಜಾರುಗುಂಡಿಯನ್ನು ಸೇವ್ ಕಡೆಗೆ ಸರಿಸಿ. ಆಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ, ಮೊದಲು, ನಡು, ಕೊನೆ ಮೂರು ಕಡೆ ನೋಡಿ; ನಿಜಕ್ಕೂ ಬೆಲೆಬಾಳುವ ಕಾರ್ಯಕ್ರಮವಾದರೆ ಪೂರ್ತಿ ನೋಡಿ. ಬರೆದ ಕ್ಯಾಮೆರಾದಲ್ಲಿ ಚೆನ್ನಾಗಿ ಕಂಡರೆ ಸಾಲದು, ಸ್ನೇಹಿತರ ಬಳಿ ಇನ್ನೊಂದು ಕ್ಯಾಮೆರಾ ಇದ್ದರೆ ಅದರಲ್ಲೂ ಹಾಕಿ ನೋಡಿ. ಅಲ್ಲೂ ಚಿತ್ರ ಒಡೆಯದಿದ್ದರೆ, ಹೆಸರು, ದಿನಾಂಕ, ಪಾಲ್, ಎಸ್‌ಪಿ ಎಂದು ಚೀಟಿಯ ಮೇಲೆ ಬರೆದು, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ಅಲ್ಲಿಯವರೆಗೆ ಕಂಪ್ಯೂಟರಿನಲ್ಲಿರುವ ಫೈಲನ್ನು ಅಳಿಸಬೇಡಿ.

ನಮಸ್ಕಾರ.